ಪಾಲಿಶ್ ಕೆಲಸಕ್ಕೆ ಇನ್ನು 2 ದಿನ ಜಾಸ್ತಿ

ನಮ್ಮ ಗ್ರಾಹಕರಿಗೆ ನಮಸ್ಕಾರ.

ಇನ್ನು ಮುಂದೆ ಪಾಲಿಶ್ ಮಾಡಿ ಕೊಡುವ ಬಾಗಿಲು, ಮಂಚ, ಕಪಾಟುಗಳಿಗೆ ನಾವು 2 ದಿನ ಜಾಸ್ತಿ ಕೇಳುತ್ತೇವೆ. ರೇಟು ಅದೇ. ಯಾಕೆ ಅಂತ ಹೇಳಿಬಿಡುತ್ತೇವೆ.

ಹೋದ ಯುಗಾದಿ ಹೊತ್ತಿಗೆ ಗಂಗಾವತಿಯ ಒಂದು ಮನೆಗೆ ಸಾಗವಾನಿ ತಲೆಬಾಗಿಲು ಕೊಟ್ಟಿದ್ದೆವು. ಗೃಹಪ್ರವೇಶದ ದಿನ ಆ ಮನೆಯ ಅಜ್ಜಿ ನಮ್ಮನ್ನು ಕರೆದು, "ಏನಪಾ, ಬಾಗಲಕ್ಕ ಅಮ್ಮ ಎದ್ದಾಳೇನು?" ಅಂದರು. ನೋಡಿದರೆ ಮೊಳೆ ಹೊಡೆದ ಕಡೆಯೆಲ್ಲ ತಿಳಿ ಹಳದಿ ಚುಕ್ಕೆ. ತಪ್ಪು ನಮ್ಮದೇ.

ಮೊಳೆ ತೂತಿಗೆ ನಾವು ಮರದ ಪುಡಿಯನ್ನು ಬಿಳಿ ಅಂಟಿನಲ್ಲಿ ಕಲಸಿ ತುಂಬುತ್ತಿದ್ದೆವು. ಗಟ್ಟಿಯಾಗೇನೋ ಕೂರುತ್ತದೆ. ಆದರೆ ಒಣಗಿದ ಅಂಟು ಪ್ಲಾಸ್ಟಿಕ್ ಇದ್ದ ಹಾಗೆ, ಸ್ಟೇನ್ (ಪಾಲಿಶ್‌ಗೆ ಮುಂಚೆ ಮರಕ್ಕೆ ಹಚ್ಚುವ ತೆಳು ಬಣ್ಣ) ಕುಡಿಯುವುದಿಲ್ಲ. ಪಕ್ಕದ ಮರ ಕಂದು ಬಣ್ಣಕ್ಕೆ ತಿರುಗುತ್ತದೆ, ತೂತು ಮಾತ್ರ ಹಾಗೇ ಉಳಿಯುತ್ತದೆ. ನಮ್ಮ ಕಿನ್ನಾಳದ ಗೊಂಬೆಯವರೂ ಹುಣಸೆ ಬೀಜದ ಅಂಟಿಗೆ ಮರದ ಪುಡಿ ಕಲಸುತ್ತಾರೆ. ಮೇಲೆ ಬಣ್ಣ ಮುಚ್ಚುವುದರಿಂದ ಅವರಿಗೆ ಈ ತಾಪತ್ರಯ ಇಲ್ಲ. ಪಾಲಿಶ್‌ನಲ್ಲಿ ಮುಚ್ಚಿಡೋಕೆ ಆಗಲ್ಲ, ಅಲ್ವಾ?

ಈಗ ಹದ ಬದಲಿಸಿದ್ದೇವೆ. ಅದೇ ಬಾಗಿಲನ್ನು ಉಜ್ಜಿದಾಗ ಉದುರುವ ನುಣ್ಣನೆ ಪುಡಿ 2 ಪಾಲು, ಚಾಕ್ ಪೌಡರ್ 1 ಪಾಲು. ಅಂಟಿಗೆ ಅರ್ಧಕ್ಕರ್ಧ ನೀರು ಬೆರೆಸಿ, ಮುದ್ದೆ ಆಗುವಷ್ಟೇ ಹಾಕುತ್ತೇವೆ. ಮುಖ್ಯವಾದದ್ದು, ಕಲಸುವಾಗಲೇ ಚಿಟಿಕೆ ಆಕ್ಸೈಡ್ ಬಣ್ಣವನ್ನೂ ಸೇರಿಸುತ್ತೇವೆ. ಸ್ಟೇನ್ ಕಮ್ಮಿ ಕುಡಿದರೂ ಒಳಗಿನ ಬಣ್ಣ ಕೈ ಹಿಡಿಯುತ್ತದೆ. ಮೊದಲು ಚೂರು ಮರದ ಮೇಲೆ ಹಚ್ಚಿ, ಒಣಗಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡುತ್ತೇವೆ. ಪಾಲಿಶ್ ಬಿದ್ದ ಮೇಲೆ ಯಾವ ಬಣ್ಣ ಬರುತ್ತದೆ ಅನ್ನುವುದು ಹೆಚ್ಚುಕಡಿಮೆ ಆಗಲೇ ಗೊತ್ತಾಗುತ್ತದೆ.

2 ದಿನ ಹೋಗುವುದು ಒಣಗಿಸುವುದಕ್ಕೆ. ಕೊಪ್ಪಳದ ಬಿಸಿಲಿಗೆ ಮೇಲ್ಮೈ ಬೇಗ ಒಣಗಿ ಮೋಸ ಮಾಡುತ್ತದೆ, ಒಳಗೆ ಹಸಿ ಇರುತ್ತದೆ. ಆಗಲೇ ಉಜ್ಜಿದರೆ ಆಮೇಲೆ ಕುಳಿ ಬೀಳುತ್ತದೆ. ಅದಕ್ಕೆ ನೆರಳಲ್ಲಿ ಒಂದು ರಾತ್ರಿ ಬಿಟ್ಟು, ಇನ್ನೊಮ್ಮೆ ತುಂಬಿ, ಮತ್ತೊಂದು ರಾತ್ರಿ ಬಿಡುತ್ತೇವೆ.

ಒಂದು ಮಾತು ಈಗಲೇ ಹೇಳುತ್ತೇವೆ. ಹತ್ತಿರ ಹೋಗಿ ಹುಡುಕಿದರೆ ತೂತು ಕಂಡೇ ಕಾಣುತ್ತದೆ, ಯಾಕೆಂದರೆ ಪುಡಿಯಲ್ಲಿ ಮರದ ಎಳೆ ಇರುವುದಿಲ್ಲ. ಅಂಟು ಕಮ್ಮಿ ಇರುವುದರಿಂದ ದೊಡ್ಡ ಬಿರುಕಿಗೆ ಇದು ತಡೆಯುವುದೂ ಇಲ್ಲ. ಅಲ್ಲಿ ಅದೇ ಮರದ ಚಕ್ಕೆಯನ್ನು ಎಳೆ ಹೊಂದಿಸಿ ಕೂರಿಸುತ್ತೇವೆ. ಅದರ ಕೂಲಿ ಬೇರೆ, ಮೊದಲೇ ಕೇಳಿಯೇ ಮಾಡುತ್ತೇವೆ.

ನಮ್ಮಲ್ಲಿ ಮಾಡಿಸಿದ ಹಳೇ ಬಾಗಿಲಲ್ಲಿ ಇಂಥ ಚುಕ್ಕೆ ಇದ್ದರೆ ಒಂದು ಫೋನ್ ಮಾಡಿ. ಬಾಗಿಲು ಕಳಚಿ ತರಬೇಡಿ, ನಾವೇ ಬಂದು ಪುಕ್ಕಟೆ ಸರಿಮಾಡಿ ಕೊಡುತ್ತೇವೆ. ಗಂಗಾವತಿಯದು ಆಗಲೇ ಮುಗಿಯಿತು. ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿ, ಇನ್ನೂ ಎರಡು ಚುಕ್ಕೆ ತೋರಿಸಿದರು.

ಇಂತಿ,
ನಿಮ್ಮ ಬಡಗಿಗಳ ಸಹಕಾರ ಸಂಘದವರು, ಕೊಪ್ಪಳ