ಮಲಗಿದರೆ ಸರಿಹೋಗುತ್ತಾನೆ ಅಂದರಂತೆ

ಚಿ. ಸುಹಾಸನಿಗೆ ಮಾವನ ಆಶೀರ್ವಾದಗಳು.

ಅಮೆರಿಕದಿಂದ ಬಂದ ನಿನ್ನ ಪತ್ರದಲ್ಲಿ ಚಳಿ, ಊಟ, ಪರೀಕ್ಷೆ ಎಲ್ಲ ಇದೆ. ನಾನು ಮಾತ್ರ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೇನೆ. ‘ಫ್ರೆಟರ್ನಿಟಿ, ಅಂದರೆ ಕಾಲೇಜು ಹುಡುಗರ ಸಂಘದ ಮನೆಯಲ್ಲಿ ಹೊಸಬನೊಬ್ಬ ಕುಡಿದು ಬಿದ್ದ, ಮಲಗಿದರೆ ಸರಿಹೋಗುತ್ತಾನೆ ಅಂತ ಸೋಫಾ ಮೇಲೆ ಹಾಕಿದೆವು, ಬೆಳಿಗ್ಗೆ ಎದ್ದ.’ ಎದ್ದ, ಸರಿ. ಏಳದಿದ್ದರೆ?

2017ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್ ಯೂನಿವರ್ಸಿಟಿಯ ಬೀಟಾ ಥೀಟಾ ಪೈ ಅನ್ನುವ ಫ್ರೆಟರ್ನಿಟಿ ಮನೆಯಲ್ಲಿ ಆದದ್ದೂ ಇದೇ ಅಲ್ವಾ? 19 ವರ್ಷದ ಹುಡುಗನಿಗೆ ಒಂದರ ಮೇಲೊಂದು ಕುಡಿಸಿದರು. ನೆಲಮಾಳಿಗೆಯ ಮೆಟ್ಟಿಲಿನಿಂದ ಬಿದ್ದ. ಎತ್ತಿ ಸೋಫಾ ಮೇಲೆ ಮಲಗಿಸಿ, ಅಂಗಾತ ಹೊರಳದಿರಲಿ ಅಂತ ಪುಸ್ತಕ ತುಂಬಿದ ಬ್ಯಾಗನ್ನು ಬೆನ್ನಿಗೆ ಹಾಕಿದರು. ಅಂದರೆ ವಾಂತಿಯಾದರೆ ಉಸಿರು ಕಟ್ಟೀತು ಅನ್ನುವುದು ಗೊತ್ತಿತ್ತು! ಸಹಾಯಕ್ಕೆ ಫೋನ್ ಮಾಡಲು ಮಾತ್ರ ಹತ್ತಿರ ಹತ್ತಿರ 12 ಗಂಟೆ ತಡ ಮಾಡಿದರು. ಹುಡುಗ ಉಳಿಯಲಿಲ್ಲ. ಪೊಲೀಸರು ಬಂದರೆ ಮನೆಗೆ ಬೀಗ ಬೀಳುತ್ತದೆ ಅನ್ನುವ ಭಯವೋ ಏನೋ. 21 ತುಂಬದವರು ಅಲ್ಲಿ ಕುಡಿಯುವ ಹಾಗಿಲ್ಲವಲ್ಲ.

ನಮ್ಮ ಹಾಸ್ಟೆಲ್‌ನಲ್ಲಿ ಕುಡಿತ ಕಡಿಮೆ, ರ‍್ಯಾಗಿಂಗ್ ಜಾಸ್ತಿ. ನನ್ನ ರೂಮಿನವನನ್ನು ಒಂದು ರಾತ್ರಿ ಟೆರೇಸಿಗೆ ಕರೆದುಕೊಂಡು ಹೋದರು. ತೊಯ್ದ ಬಟ್ಟೆಯಲ್ಲಿ ವಾಪಸ್ ಬಂದ. ನಾನು ಮುಸುಕು ಹಾಕಿಕೊಂಡು ಸುಮ್ನೆ ಬಿದ್ದಿದ್ದೆ. ಬೆಳಗಿನ ಜಾವ ಟ್ರಂಕಿಗೆ ಬೀಗ ಹಾಕುವ ಸದ್ದು ಕೇಳಿಸಿತು. ಏನಾಯ್ತೋ ಅಂತ ಕೇಳಬಹುದಿತ್ತು. ಅವನು ಯಾವ ಊರಿನವನು ಅನ್ನುವುದೂ ಈಗ ನೆನಪಿಗೆ ಬರುವುದಿಲ್ಲ.

ಕುಡಿಯಬೇಡ ಅಂತ ಬರೆದರೆ ನಗುತ್ತೀಯ, ಆದರೂ ಬರೆದೆ ಅಂತಲೇ ತಿಳಿದುಕೊ. ಆ ಸೋಫಾ ಬಿಟ್ಟು ನನಗೆ ಬೇರೇನೂ ಹೊಳೆಯುತ್ತಿಲ್ಲ. ಕುಡಿಯುವುದು ನಿಲ್ಲಿಸಿದ ಮೇಲೂ ಹೊಟ್ಟೆಯಲ್ಲಿದ್ದದ್ದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಮಲಗಿಸುವಾಗ ಮಾತಾಡುತ್ತಿದ್ದವನು ಆಮೇಲೆ ಕೆಡಬಹುದು. ಕಾಫಿ, ತಣ್ಣೀರು ಯಾವುದೂ ಕೆಲಸಕ್ಕೆ ಬಾರದು. ಅಲುಗಾಡಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡು, ಮಗ್ಗುಲಿಗೆ ತಿರುಗಿಸಿ ಪಕ್ಕದಲ್ಲೇ ಕೂತಿರು. ಹಾಗೆ ಫೋನ್ ಮಾಡಿದವರ ಮೇಲೆ ಕುಡಿದ ಕೇಸು ಹಾಕದ ಕಾನೂನು ಅಲ್ಲಿ ಬಹಳ ರಾಜ್ಯಗಳಲ್ಲಿದೆ. ನಿಮ್ಮಲ್ಲಿ ಹೇಗೆ ಅಂತ ವಿಚಾರಿಸು. ಇದೆಲ್ಲ ನಿನಗೆ ಗೊತ್ತಿರಬಹುದು, ಬೇಜಾರಾಗಬೇಡ.

ಹೊಸಬನಿಗೆ ಸಂಘದ ಹಿರಿಯನೊಬ್ಬನನ್ನು ‘ಬಿಗ್ ಬ್ರದರ್’ ಅಂತ ಗೊತ್ತು ಮಾಡುವ ರಾತ್ರಿ ಯಾವತ್ತು ಅಂತ ಬರೆದಿಲ್ಲ. ಅವತ್ತು ಬಾಟಲಿ ಕೈಗೆ ಕೊಟ್ಟು ಮುಗಿಸು ಅಂದರೆ? ಬೇಡ ಅನ್ನಲು ಮುಜುಗರವಾದರೆ ನನಗೊಂದು ಮಿಸ್ಡ್ ಕಾಲ್ ಕೊಡು. ನಾನು ಮಾಡುತ್ತೇನೆ, ಮನೆಯಿಂದ ಫೋನು ಅಂತ ಎದ್ದು ಹೊರಗೆ ಬಾ. ನಮಗಾಗ ಬೆಳಗು, ಎದ್ದೇ ಇರುತ್ತೇನೆ. ನಿನ್ನ ರೂಮ್‌ಮೇಟ್ ನಂಬರೂ ಕಳಿಸು. ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ.

ಇಂತಿ,
ನಿನ್ನ ಮಾವ