ಟಿವಿ ಅಂಗಡಿಯಲ್ಲಿ ಒಂದು ಕತ್ತಲೆ ಕೋಣೆ ಇರಲಿ

ಮಾನ್ಯ ಸಂಪಾದಕರೇ,

ಹೊಸ ಟಿವಿಗಳ ಬಗ್ಗೆ ಈಚೆಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಪರದೆಯ ಹಿಂದೆ ಕೆಂಪು, ಹಸಿರು, ನೀಲಿ ಪುಟ್ಟ ದೀಪಗಳು ಉರಿಯುವ ಆರ್‌ಜಿಬಿ ಮಿನಿ ಎಲ್‌ಇಡಿ ಬಂತು, ಇನ್ನು ಹಳೆಯದೆಲ್ಲ ಮೂಲೆಗೆ ಎಂಬ ಧಾಟಿ ಅದರಲ್ಲಿತ್ತು. ಮನೆಯಲ್ಲೇ ಕತ್ತಲು ಮಾಡಿಕೊಂಡು ಸಿನಿಮಾ ನೋಡುವ ಹುಚ್ಚು ಇರುವ ನಮ್ಮಂಥವರ ಮಾತನ್ನೂ ಓದುಗರು ಕೇಳಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತನಾದವನು. ಅಪ್ಪ ಗದಗದ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಸಂಜೆ ಅವರಿಗೆ ಬುತ್ತಿ ಒಯ್ದರೆ ನಾನು ಮನೆಗೆ ವಾಪಸ್ ಬರುತ್ತಿರಲಿಲ್ಲ, ಪ್ರೊಜೆಕ್ಟರ್ ಕೋಣೆಯಲ್ಲೇ ಕೂತುಬಿಡುತ್ತಿದ್ದೆ. ಎರಡು ಕಾರ್ಬನ್ ಕಡ್ಡಿಗಳ ನಡುವೆ ಬೆಳಕು ಹೊತ್ತುತ್ತಿತ್ತು. 2,000 ಅಡಿಯ ರೀಲು ಸುಮಾರು 22 ನಿಮಿಷಕ್ಕೆ ಮುಗಿಯುತ್ತಿತ್ತು. ಮುಗಿಯುವ ಮುಂಚೆ ಪರದೆಯ ಬಲಗಡೆ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಮಾಯವಾಗುತ್ತಿತ್ತು. ಅದನ್ನು ನೋಡಿಕೊಂಡು ಅಪ್ಪ ಇನ್ನೊಂದು ಮಷೀನಿಗೆ ಬದಲಿಸುತ್ತಿದ್ದರು. ಕೆಳಗೆ ಕೂತ ಜನಕ್ಕೆ ರೀಲು ಬದಲಾದದ್ದು ಗೊತ್ತೇ ಆಗುತ್ತಿರಲಿಲ್ಲ. ಚಿತ್ರ ಚೆನ್ನಾಗಿ ಕಾಣಬೇಕಾದರೆ ಮೊದಲು ಕತ್ತಲು ಚೆನ್ನಾಗಿರಬೇಕು ಅಂತ ನಾನು ಕಲಿತದ್ದು ಆ ಕೋಣೆಯಲ್ಲಿ.

ಈಗ ಕೇಶ್ವಾಪುರದ ನಮ್ಮ ಮನೆಯ ಮಹಡಿ ಮೇಲೆ 10 ಅಡಿಗೆ 14 ಅಡಿಯ ಒಂದು ಕೋಣೆ ಇದೆ. ಕಿಟಕಿಗೆ ದಪ್ಪ ಕರಿ ಬಟ್ಟೆ ಹಾಕಿ, ಗೋಡೆಗೆ ಬೂದು ಬಣ್ಣ ಹೊಡೆಸಿದ್ದೇನೆ. ತಿಂಗಳ ಎರಡನೇ ಶನಿವಾರ ಹುಬ್ಬಳ್ಳಿ-ಧಾರವಾಡದ ಐದಾರು ಜನ ಗೆಳೆಯರು ಅಲ್ಲಿ ಸೇರುತ್ತೇವೆ. ಗಿರ್ಮಿಟ್, ಮಿರ್ಚಿ, ಚಹಾ ಮುಗಿದ ಮೇಲೆ ಸಿನಿಮಾ. ಸಿನಿಮಾ ಮುಗಿದ ಮೇಲೆ ಟಿವಿ ಜಗಳ. ಜಗಳ ಅಂದರೆ ಪ್ರೀತಿಯ ಜಗಳವೇ, ಆದರೆ ಯಾರೂ ಸೋಲುವುದಿಲ್ಲ.

ಗುಂಪಿನಲ್ಲಿ ಒಬ್ಬರ ಹತ್ತಿರ ಇವತ್ತಿಗೂ 2012ರ ಪ್ಲಾಸ್ಮಾ ಟಿವಿ ಇದೆ. ಪ್ಲಾಸ್ಮಾ ತಯಾರಿಕೆಯೇ 2014ರ ಹೊತ್ತಿಗೆ ಹೆಚ್ಚುಕಡಿಮೆ ನಿಂತುಹೋಯಿತು. ಇವರು ಮಾತ್ರ ಅದನ್ನು ಬಿಟ್ಟಿಲ್ಲ. ಬೇಸಿಗೆಯಲ್ಲಿ ಹತ್ತಿರ ಹೋದರೆ ಮುಖಕ್ಕೆ ಝಳ ಹೊಡೆಯುತ್ತದೆ. ಆದರೂ ಅದರಲ್ಲಿ ಮನುಷ್ಯರ ಮುಖದ ಬಣ್ಣ ಎಷ್ಟು ಚೆಂದ ಕಾಣುತ್ತದೆ ಅಂತ ನಾವೆಲ್ಲ ಒಪ್ಪುತ್ತೇವೆ. ಧಾರವಾಡದ ಮಾಳಮಡ್ಡಿಯಿಂದ ಬರುವ ಮಾಸ್ತರರ ಹತ್ತಿರ ಓಎಲ್‌ಇಡಿ ಇದೆ. ಅದರಲ್ಲಿ ಪರದೆಯ ಪ್ರತಿ ಚುಕ್ಕೆಯೂ (ಪಿಕ್ಸೆಲ್) ತನ್ನಷ್ಟಕ್ಕೆ ತಾನು ಹೊತ್ತುತ್ತದೆ, ತಾನೇ ಆರುತ್ತದೆ. ಕಪ್ಪು ಬೇಕಾದ ಕಡೆ ಬೆಳಕೇ ಇರುವುದಿಲ್ಲ. ಕತ್ತಲೆ ಕೋಣೆಯಲ್ಲಿ ಅದನ್ನು ನೋಡಿದವರಿಗೆ ಬೇರೆ ಟಿವಿ ರುಚಿಸುವುದು ಕಷ್ಟ.

ಆದರೆ ಮಾಸ್ತರರ ಮನೆಯಲ್ಲಿ ಅವರ ಮಾವನವರು ಬೆಳಗಿನಿಂದ ರಾತ್ರಿವರೆಗೆ ಸುದ್ದಿ ಚಾನೆಲ್ ಹಚ್ಚಿಕೊಂಡು ಕೂಡುತ್ತಾರೆ. ಕೆಳಗೆ ಕೆಂಪು ಪಟ್ಟಿ, ಮೇಲೆ ಮೂಲೆಯಲ್ಲಿ ಚಾನೆಲ್ ಗುರುತು, ವರ್ಷಗಟ್ಟಲೆ ಅದೇ ಜಾಗದಲ್ಲಿ. ಈಗ ಸಿನಿಮಾದಲ್ಲಿ ಬರೀ ಆಕಾಶ ತೋರಿಸಿದರೆ ಸಾಕು, ಆ ಪಟ್ಟಿಯ ನೆರಳು ಎದ್ದು ಕಾಣುತ್ತದೆ. ಕಂಪನಿಯವರು ಇದು ವಾರಂಟಿಗೆ ಬರುವುದಿಲ್ಲ ಎಂದು ಕೈ ಚೆಲ್ಲಿದರು. ಕೊಳ್ಳುವಾಗ ಈ ಮಾತನ್ನು ಯಾರೂ ಹೇಳಿರಲಿಲ್ಲ. ದಿನವಿಡೀ ಸುದ್ದಿ ಓಡುವ ಮನೆಗೆ, ಮಧ್ಯಾಹ್ನದ ಬಿಸಿಲು ಪಡಸಾಲೆಯ ತನಕ ಬರುವ ಮನೆಗೆ ಪರದೆಯ ಹಿಂದೆ ಪುಟ್ಟ ದೀಪಗಳ ಸಾಲು ಇರುವ ಮಿನಿ ಎಲ್‌ಇಡಿಯೇ ಮೇಲು ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಈಗ ಆ ಹೊಸ ಆರ್‌ಜಿಬಿ ವಿಷಯ. ಸಾಮಾನ್ಯ ಮಿನಿ ಎಲ್‌ಇಡಿ ಟಿವಿಯಲ್ಲಿ ಹಿಂದೆ ಉರಿಯುವ ದೀಪಗಳು ಹೆಚ್ಚಾಗಿ ನೀಲಿ. ಆ ನೀಲಿಯಿಂದ ಒಂದು ಹಾಳೆಯ ಸಹಾಯದಲ್ಲಿ ಕೆಂಪು, ಹಸಿರು ತೆಗೆಯುತ್ತಾರೆ. ಹೊಸದರಲ್ಲಿ ಕೆಂಪು, ಹಸಿರು, ನೀಲಿ ದೀಪಗಳನ್ನೇ ಬೇರೆಬೇರೆಯಾಗಿ ಕೂಡಿಸಿದ್ದಾರೆ. 2025ರ ಜನವರಿಯಲ್ಲಿ ಲಾಸ್ ವೇಗಸ್‌ನ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಹೈಸೆನ್ಸ್ ಕಂಪನಿ 116 ಇಂಚಿನದನ್ನು ತೋರಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸ್ಯಾಮ್‌ಸಂಗ್ 115 ಇಂಚಿನದನ್ನು ತಂದಿತು. ಬಣ್ಣ ಜಾಸ್ತಿ ಶುದ್ಧವಾಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮುಂದೆ ಇರುವುದು ಅದೇ ಎಲ್‌ಸಿಡಿ ಗಾಜು, ತಾನೇ ಉರಿಯದೆ ಹಿಂದಿನ ಬೆಳಕನ್ನು ಬಿಡುವ, ತಡೆಯುವ ಗಾಜು. ಹಿಂದಿನ ದೀಪಗಳು ಗುಂಪುಗುಂಪಾಗಿಯೇ ಉರಿಯುತ್ತವೆ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳು. ಹಿಂದೆ 1,000 ಗುಂಪು ಇದ್ದರೂ ಒಂದೊಂದು ಗುಂಪು 8,000ಕ್ಕೂ ಹೆಚ್ಚು ಚುಕ್ಕೆಗಳಿಗೆ ಬೆಳಕು ಕೊಡಬೇಕು. ಕತ್ತಲಲ್ಲಿ ಒಂದೇ ಒಂದು ದೀಪ ಉರಿದರೆ ಅದರ ಸುತ್ತ ಮಬ್ಬು ಪ್ರಭೆ ಏಳುವುದು ಅದಕ್ಕೇ. ವಿದ್ಯಾನಗರದಿಂದ ಬರುವ ನಮ್ಮ ಗುಂಪಿನ ಇಂಜಿನಿಯರ್ ಹುಡುಗ ಆ ಹೊಸ ಟಿವಿಗೆ ದುಡ್ಡು ಕೂಡಿಡುತ್ತಿದ್ದಾನೆ. ನಾನು ತಡೆ ಎನ್ನುತ್ತಿದ್ದೇನೆ.

ಕಳೆದ ತಿಂಗಳು ಕೊಪ್ಪೀಕರ ರಸ್ತೆಯ ಒಂದು ಅಂಗಡಿಗೆ ಹೋಗಿದ್ದೆ. ಗೋಡೆ ತುಂಬ ಟಿವಿಗಳು. ಎಲ್ಲದರಲ್ಲೂ ಗಿಳಿ, ಹೂವು, ಬಣ್ಣದ ಎಣ್ಣೆ ಚೆಲ್ಲುವ ಚಿತ್ರ. ಮೇಲೆ ಹಗಲಿನಂಥ ಟ್ಯೂಬ್‌ಲೈಟು. ನನ್ನ ಜೇಬಿನಲ್ಲಿ ಯಾವಾಗಲೂ ಒಂದು ಪೆನ್‌ಡ್ರೈವ್ ಇರುತ್ತದೆ. ಮದುವೆ ವಿಡಿಯೊ ಮಾಡುವ ನನ್ನ ತಂಗಿಯ ಮಗ ತೆಗೆದುಕೊಟ್ಟ 40 ಸೆಕೆಂಡಿನ ದೃಶ್ಯ ಅದರಲ್ಲಿದೆ. ನಮ್ಮ ಅವ್ವ ದೇವರ ಮನೆಯಲ್ಲಿ ನೀಲಾಂಜನ ಹಚ್ಚಿ ಆರತಿ ಎತ್ತುತ್ತಾಳೆ. ಹಸಿರು ಇಳಕಲ್ ಸೀರೆ, ಕೆಂಪು ಸೆರಗು, ಅದರಲ್ಲಿ ಬಿಳಿ ತೆನೆ. ಹಿಂದೆ ಕತ್ತಲ ಮೂಲೆಯಲ್ಲಿ ಒಂದು ಹಿತ್ತಾಳೆ ಗಂಟೆ. ಸೆಕೆಂಡಿಗೆ 24 ಚಿತ್ರದಂತೆ, ಸಿನಿಮಾದ ಲೆಕ್ಕದಲ್ಲೇ ತೆಗೆದದ್ದು.

"ಸರ, ಪೆನ್‌ಡ್ರೈವ್ ಹಾಕೂದಿಲ್ರಿ, ಕಂಪನಿ ಡೆಮೊ ಅಷ್ಟ ತೋರಸ್ತೀವ್ರಿ" ಎಂದ ಅಂಗಡಿಯ ಹುಡುಗ. ಹತ್ತು ನಿಮಿಷ ಕೇಳಿಕೊಂಡ ಮೇಲೆ ಹಾಕಿದ. ದುಬಾರಿ ಮಿನಿ ಎಲ್‌ಇಡಿ ಸೆಟ್ಟು ಅದು. ನೀಲಾಂಜನದ ಕುಡಿಯ ಸುತ್ತ ತೆಂಗಿನಕಾಯಿ ಗಾತ್ರದ ಮಬ್ಬು. ಸೆರಗಿನ ಕೆಂಪು ಎಷ್ಟು ಚೀರುತ್ತಿತ್ತೆಂದರೆ ಬಿಳಿ ತೆನೆಯೇ ಗುಲಾಬಿ ಆಗಿತ್ತು. ಆರತಿ ತಿರುಗಿಸುವ ಅವ್ವನ ಕೈ ಎಣ್ಣೆ ಮೇಲೆ ಜಾರಿದ ಹಾಗೆ ಜಾರುತ್ತಿತ್ತು, ಬೆರಳಿನ ಅಂಚು ಒಡೆಯುತ್ತಿತ್ತು. ಗಂಟೆಯನ್ನು ಹುಡುಕಬೇಕಾಯಿತು.

ನಾನು ರಿಮೋಟ್ ಇಸಿದುಕೊಂಡೆ. ಚಿತ್ರದ ಮೆನುವಿನಲ್ಲಿ ಬಣ್ಣ ಢಾಳಾಗಿಸುವ 'ವಿವಿಡ್' ತೆಗೆದು, ಸಿನಿಮಾ ಮಾಡಿದವರು ಬಯಸಿದಂತೆ ತೋರಿಸುವ 'ಫಿಲ್ಮ್‌ಮೇಕರ್' ಇಟ್ಟೆ. ಚಲನೆ ನಯ ಮಾಡುವ ಆಯ್ಕೆ ಎಲ್ಲೋ ಒಳಗೆ ಅಡಗಿತ್ತು. ಅದು ನಿಜವಾಗಿ ಬಂದ್ ಆಗಿದೆಯೇ ಅಂತ ಹುಡುಕಿ ನೋಡಿದೆ. ಮತ್ತೆ ಅದೇ 40 ಸೆಕೆಂಡು. ತೆನೆ ಬೆಳ್ಳಗಾಯಿತು. ಕೈ ಕೈಯಂತೆ ತಿರುಗಿತು. ಮೂಲೆಯಲ್ಲಿ ಗಂಟೆ ಬಂತು. ಪ್ರಭೆ ಸಣ್ಣದಾಯಿತು, ಪೂರ್ತಿ ಹೋಗಲಿಲ್ಲ. ಹುಡುಗ ಹತ್ತಿರ ಬಂದು ನೋಡಿ, "ಸರ, ಇದು ಅದ ಟಿವಿ ಏನ್ರಿ?" ಎಂದ. ದಿನಾ ಹತ್ತು ಟಿವಿ ಮಾರುವ ಆ ಹುಡುಗನಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ತಪ್ಪು ಅವನದಲ್ಲ.

ಚಲನೆ ನಯ ಮಾಡುವ ಈ ಆಟದ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಸಿನಿಮಾಕ್ಕೆ ಸೆಕೆಂಡಿಗೆ 24 ಚಿತ್ರ. ಟಿವಿ ತಾನೇ ನಡುವೆ ಇಲ್ಲದ ಚಿತ್ರ ಹುಟ್ಟಿಸಿ ತುಂಬುತ್ತದೆ. ಆಗ ದೊಡ್ಡ ಸಿನಿಮಾ ಕೂಡ ಧಾರಾವಾಹಿ ಶೂಟಿಂಗ್ ನೋಡಿದ ಹಾಗೆ ಕಾಣುತ್ತದೆ. 2018ರಲ್ಲಿ ನಟ ಟಾಮ್ ಕ್ರೂಸ್ ಇದನ್ನು ಬಂದ್ ಮಾಡಿಕೊಳ್ಳಿ ಎಂದು ವಿಡಿಯೊ ಮಾಡಿ ಜನರನ್ನು ಕೇಳಿಕೊಂಡರು. 2019ರಲ್ಲಿ ಕಂಪನಿಗಳ ಒಕ್ಕೂಟವೇ ಫಿಲ್ಮ್‌ಮೇಕರ್ ಮೋಡ್ ಪ್ರಕಟಿಸಿತು. ಆದರೂ ಡಬ್ಬಿಯಿಂದ ತೆಗೆದ ಎಷ್ಟೋ ಟಿವಿಗಳಲ್ಲಿ ಈ ನಯ ಚಾಲೂ ಆಗಿಯೇ ಬರುತ್ತದೆ. ಕ್ರಿಕೆಟ್, ಕಬಡ್ಡಿ ನೋಡುವವರಿಗೆ ಹಿಡಿಸಬಹುದು, ಇಟ್ಟುಕೊಳ್ಳಲಿ. ಸಿನಿಮಾಕ್ಕೆ ಬೇಡ.

4ಕೆಗಿಂತ ನಾಲ್ಕು ಪಟ್ಟು ಚುಕ್ಕೆಗಳಿರುವ 8ಕೆ ಬಗ್ಗೆ ಹೆಚ್ಚು ಬರೆಯುವುದಿಲ್ಲ. 55 ಇಂಚಿನ 4ಕೆ ಪರದೆಯಲ್ಲಿ ಒಂದು ಚುಕ್ಕೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಕಣ್ಣು ಚೆನ್ನಾಗಿರುವವರಿಗೂ ಮೂರೂವರೆ, ನಾಲ್ಕು ಅಡಿ ದಾಟಿದರೆ ಅದು ಬಿಡಿಯಾಗಿ ಕಾಣುವುದಿಲ್ಲ. ನಮ್ಮ ಮನೆಗಳಲ್ಲಿ ಸೋಫಾ ಇರುವುದು ಎಂಟೊಂಬತ್ತು ಅಡಿ ದೂರ. ಅದಕ್ಕಿಂತ ಸಣ್ಣ ಚುಕ್ಕೆ ಯಾರಿಗೆ ಬೇಕು? 2010ರಲ್ಲಿ 3ಡಿ ಟಿವಿಗೂ ಹೀಗೇ ಡಂಗುರ ಹೊಡೆದಿದ್ದರು. 2017ರ ಹೊತ್ತಿಗೆ ದೊಡ್ಡ ಕಂಪನಿಗಳೇ ಕೈಬಿಟ್ಟವು. ನಾನು ಕೊಂಡ ನಾಲ್ಕು ಕನ್ನಡಕ ಇನ್ನೂ ಕಪಾಟಿನಲ್ಲಿವೆ.

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ನಮ್ಮ ಓಣಿಯಲ್ಲೇ ಆಮೇಲೆ ಮೂರು ಮನೆಗೆ ದೊಡ್ಡ ಟಿವಿ ಬಂತು. ಒಂದು ಮನೆಯವರು ಕ್ಯೂಎಲ್‌ಇಡಿ ಅಂದರೆ ಓಎಲ್‌ಇಡಿಯ ತಮ್ಮ ಅಂತ ತಿಳಿದು ತಂದಿದ್ದಾರೆ. ಅದು ಹಿಂದೆ ದೀಪ ಇರುವ ಎಲ್‌ಸಿಡಿಯೇ. ಈಗ ಆ ಆರ್‌ಜಿಬಿ ದೀಪದ ಎಲ್‌ಸಿಡಿಗೇ ಮೈಕ್ರೊ ಆರ್‌ಜಿಬಿ ಎಂಬ ಹೆಸರೂ ಬಂದಿದೆ. ಅದನ್ನು ಚುಕ್ಕೆ ಚುಕ್ಕೆಯೂ ತಾನೇ ಉರಿಯುವ ಮೈಕ್ರೊ ಎಲ್‌ಇಡಿ ಅಂತ ಎಷ್ಟು ಜನ ತಿಳಿಯುತ್ತಾರೋ. ಕಷ್ಟಪಟ್ಟು ದುಡಿದ ದುಡ್ಡು, ಕಂತಿನಲ್ಲಿ ಕಟ್ಟುವ ದುಡ್ಡು ಇದು.

ಅದಕ್ಕೆ ಹುಬ್ಬಳ್ಳಿ-ಧಾರವಾಡದ ಅಂಗಡಿಯವರಲ್ಲಿ ನನ್ನ ಕೇಳಿಕೆ ಇಷ್ಟೇ. ಅಂಗಡಿಯ ಒಂದು ಮೂಲೆಗೆ ಕರಿ ಬಟ್ಟೆ ಕಟ್ಟಿ, ಎರಡು ಟಿವಿ ಇಡುವಷ್ಟು ಕತ್ತಲೆ ಜಾಗ ಮಾಡಿ. ಸೀರೆ ಅಂಗಡಿಯವರು ಬಣ್ಣ ನೋಡಲು ಸೀರೆಯನ್ನು ಬಾಗಿಲಿಗೆ ತಂದು ಬಿಸಿಲಲ್ಲಿ ಹಿಡಿಯುತ್ತಾರೆ, ಅಲ್ವಾ? ಇದೂ ಹಾಗೆಯೇ. ರಿಮೋಟನ್ನು ಗಿರಾಕಿ ಕೈಗೆ ಕೊಡಿ. ಬೆಲೆಯ ಚೀಟಿಯಲ್ಲಿ ಒಳಗಿನ ಪರದೆ ಯಾವ ಬಗೆಯದು, ಹಿಂದಿನ ದೀಪಗಳ ಗುಂಪು ಎಷ್ಟು, ಪರದೆಯ ಅಸಲಿ ಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ) 60ಓ 120ಓ ಎಂದು ಬರೆಯಿರಿ. ಪತ್ರಿಕೆಯವರೂ ಹೊಸ ಟಿವಿ ಬಗ್ಗೆ ಬರೆಯುವಾಗ ಈ ಮೂರನ್ನು ಕೇಳಿ ಬರೆಯಬೇಕು.

ಆ ಆರ್‌ಜಿಬಿ ಟಿವಿಯಲ್ಲಿ ನಮ್ಮ ಅವ್ವನ ನೀಲಾಂಜನದ ದೃಶ್ಯ ಇನ್ನೂ ಹಾಕಿ ನೋಡಿಲ್ಲ. ನಮ್ಮೂರಿನ ಯಾವ ಅಂಗಡಿಯವರು ಕತ್ತಲೆ ಮೂಲೆ ಮಾಡಿದರೂ ನಾನು ಪೆನ್‌ಡ್ರೈವ್ ಹಿಡಿದು ಬರುತ್ತೇನೆ. ಹುಡುಗರಿಗೆ ಮೆನು ತೋರಿಸಿಕೊಡುತ್ತೇನೆ, ಒಂದು ಪೈಸೆ ಬೇಡ. ಅವರಿಗೆ ಬೇಕೆಂದರೆ ಆ 40 ಸೆಕೆಂಡಿನ ದೃಶ್ಯವನ್ನೂ ಅಲ್ಲೇ ಬಿಟ್ಟು ಬರುತ್ತೇನೆ. ಅವ್ವನನ್ನು ಕೇಳಿದ್ದೇನೆ, ಆಗಲಿ ಅಂದಿದ್ದಾಳೆ.

— ನಿವೃತ್ತ ರೈಲ್ವೆ ಎಲೆಕ್ಟ್ರಿಷಿಯನ್, ಕೇಶ್ವಾಪುರ, ಹುಬ್ಬಳ್ಳಿ