ಲೋಕಲ್ ಹತ್ತಲು ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಸೋಮವಾರದಿಂದ ಮುಂಬೈಯ ಲೋಕಲ್ ರೈಲಿನಲ್ಲಿ ಡೊಂಬಿವಲಿ-ದಾದರ್ ಓಡಾಟ ಶುರು. ಆಫೀಸಿನವರಿಗಿಂತ ಮೊದಲು ನಿನ್ನ ತಲೆ ತಿನ್ನುವವರು ಲೋಕಲಿನ ಮಹಿಳಾ ಡಬ್ಬಿಯಲ್ಲೇ, ಅಂದರೆ ಹೆಂಗಸರ ಬೋಗಿಯಲ್ಲೇ, ಸಿಗುತ್ತಾರೆ. ಯಾರು ಯಾಕೆ ಹಾಗೆ ಮಾಡುತ್ತಾರೆ ಅಂತ ಗೊತ್ತಿದ್ದರೆ ಅರ್ಧ ಜಗಳ ತಪ್ಪುತ್ತದೆ.

ಎಲ್ಲಕ್ಕಿಂತ ದೊಡ್ಡ ಕಾಟ ಬಾಗಿಲಿನವರದು. ಗಾಡಿ ನಿಲ್ಲುವುದೇ ಅರ್ಧ ನಿಮಿಷದ ಆಸುಪಾಸು. ಅಷ್ಟರಲ್ಲಿ ಇಳಿಯುವವರು ಇಳಿದು, ಹತ್ತುವವರು ಹತ್ತಬೇಕು. ಬಾಗಿಲ ನಡುವೆ ಒಂದು ಕಂಬ ಇದೆ ನೋಡು, ಗಾಳಿ ಚೆನ್ನಾಗಿ ಬೀಸುತ್ತದೆ ಅಂತ ಅದನ್ನು ತಬ್ಬಿಕೊಂಡು ಒಬ್ಬಳು ಕೊನೆಯ ಸ್ಟೇಷನ್ ಸಿಎಸ್‌ಎಂಟಿವರೆಗೂ ನಿಂತೇ ಇರುತ್ತಾಳೆ. ಅಂಥವರು ಇಬ್ಬರಾದರೆ ಬಾಗಿಲು ಅರ್ಧಕ್ಕರ್ಧ ಮುಚ್ಚಿದ ಹಾಗೆ. ಒಳಗೆ ನಡುದಾರಿ ಖಾಲಿ, ಬಾಗಿಲಲ್ಲಿ ನೂಕುನುಗ್ಗಲು. ಅವಳಿಗೆ ಬುದ್ಧಿ ಹೇಳಲು ಹೋಗಬೇಡ, ಮುಂದಿನ ಸ್ಟೇಷನ್ ಬರುವವರೆಗೂ ಬೈಗುಳ ಮುಗಿಯುವುದಿಲ್ಲ. ಮುಂದೆ ನಿಂತವಳ ಭುಜ ಮುಟ್ಟಿ "ದಾದರ್ ಉತರಣಾರ್ ಕಾ?" (ದಾದರಿನಲ್ಲಿ ಇಳಿಯುತ್ತೀರಾ?) ಅಂತ ಮರಾಠಿಯಲ್ಲಿ ಕೇಳು. ಇಲ್ಲ ಅಂದರೆ ಜಾಗ ಅದಲುಬದಲು ಮಾಡಿಕೋ, ಅವಳಿಗೂ ಅದೇ ಬೇಕಿರುತ್ತದೆ. ಈ ಕೆಲಸ ಘಾಟ್ಕೋಪರ್ ದಾಟಿದ ಮೇಲೆ ಶುರುವಾಗಬೇಕು. ಕುರ್ಲಾದಲ್ಲಿ ಹತ್ತುವವರ ದಂಡಿಗೆ ಅಡ್ಡವಾಗದ ಹಾಗೆ ಒಳಗೇ ಒಂದು ಪಕ್ಕಕ್ಕೆ ಒತ್ತಿ ನಿಂತು, ಗಾಡಿ ಹೊರಟ ಕೂಡಲೇ ಬಾಗಿಲಿಗೆ ಸರಿ. ದಾದರ್ ಬಂದ ಮೇಲೆ ಎದ್ದರೆ ನಿನ್ನನ್ನು ಮುಂದಿನ ಭಾಯಖಳಾ ತನಕ ಕರೆದುಕೊಂಡು ಹೋಗುತ್ತಾರೆ. ನಿಂತ ಗಾಡಿಯಿಂದ ಮಾತ್ರ ಇಳಿ, ಇದೊಂದು ಮಾತು ನನಗಾಗಿ ನಡೆಸಿಕೊಡು.

ಇನ್ನು ಸೀಟಿನ ಲೆಕ್ಕ. ಬೆಂಚು ಮೂವರದು, ಆದರೆ ನಾಲ್ಕನೆಯವಳಿಗೂ ಹಕ್ಕುಂಟು ಅನ್ನುವುದು ಇಲ್ಲಿಯ ರೂಢಿ. ಕಾನೂನಲ್ಲ, ಆದರೂ ಕಾನೂನಿಗಿಂತ ಗಟ್ಟಿ. ಬ್ಯಾಗನ್ನು ಪಕ್ಕಕ್ಕಿಟ್ಟು ಕಾಲು ಅಗಲಿಸಿ ಕೂತು, ಕೇಳಿದರೂ ಕೇಳಿಸದವರಂತೆ ಮೊಬೈಲ್ ನೋಡುವವರು ಇರುತ್ತಾರೆ. "ಥೋಡಾ ಸರಕಾ ನಾ" (ಸ್ವಲ್ಪ ಸರೀರಿ) ಅಂತ ಒಂದೇ ಸಲ, ನಗುತ್ತಾ, ಗಟ್ಟಿಯಾಗಿ ಹೇಳು. ಎದುರು ಬೆಂಚಿನವರು ನಿನ್ನ ಪರ ಮಾತಾಡುತ್ತಾರೆ. ಮೆತ್ತಗೆ ನಾಲ್ಕು ಸಲ ಹೇಳಿದರೆ ಯಾರೂ ಸರಿಯುವುದಿಲ್ಲ.

ನೀನು ಕೂತಿರುವಾಗ "ಕುಠೇ ಉತರಣಾರ್?" (ಎಲ್ಲಿ ಇಳಿಯುತ್ತೀರಿ?) ಅಂತ ಕೇಳುತ್ತಾರೆ. ಅದು ಕುತೂಹಲ ಅಲ್ಲ, ನಿನ್ನ ಸೀಟಿಗೆ ನಂಬರ್ ಹಚ್ಚುವುದು. ಮೊದಲು ಕೇಳಿದವಳಿಗೇ ಸೀಟು. ಜಗಳ ಹುಟ್ಟುವುದು ಇಬ್ಬರಿಗೂ ತಲೆಯಾಡಿಸಿದಾಗ. ಎರಡನೆಯವಳಿಗೆ "ದಿಲೀ ಆಹೇ" (ಕೊಟ್ಟಾಗಿದೆ) ಅಂದುಬಿಡು. ಏಳುವಾಗ ಮೊದಲನೆಯವಳಿಗೆ ಕಣ್ಣಲ್ಲೇ ಸನ್ನೆ ಮಾಡಿ, ಅವಳು ಹತ್ತಿರ ಬಂದ ಮೇಲೆಯೇ ಎದ್ದು ಓರೆಯಾಗಿ ಜಾರಿಕೋ. ಕರ್ಚೀಫು ಹಾಕಿ ಗೆಳತಿಗೆ ಜಾಗ ಹಿಡಿಯುವುದು ಬೇಡವೇ ಬೇಡ. ಮಹಿಳಾ ಡಬ್ಬಿಯ ಮುಕ್ಕಾಲು ಜಗಳದ ಬೇರು ಅಲ್ಲೇ.

ಸ್ಪೀಕರಿನಲ್ಲಿ ರೀಲ್ಸ್ ನೋಡುವವರು, ಒದ್ದೆ ಕೂದಲನ್ನು ಬಿಟ್ಟುಕೊಂಡು ಹಿಂದಿನವರ ಮುಖಕ್ಕೆ ಬಾರಿಸುವವರು, ಇವರಿಗೆ ಒಂದು ಮಾತು ಸಾಕು. ಮಹಿಳಾ ಡಬ್ಬಿಯಲ್ಲಿ ಗಂಡಸರು ಹತ್ತಿ ಕೂತರೆ ಮಾತ್ರ ಸುಮ್ಮನಿರಬೇಡ. 1989ರ ರೈಲ್ವೆ ಕಾಯಿದೆಯ 162ನೇ ಕಲಮಿನಲ್ಲಿ ಅದು ಅಪರಾಧ. 139ಕ್ಕೆ ಫೋನ್ ಹಚ್ಚು. ಹತ್ತುವ ಮೊದಲು ಡಬ್ಬಿಯ ಮೇಲೆ ಬರೆದದ್ದನ್ನು ಓದು, ಕೆಲವು 24 ತಾಸೂ ಮಹಿಳೆಯರಿಗೆ, ಕೆಲವು ರಾತ್ರಿ ಎಲ್ಲರಿಗೂ.

ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೆ ಕಾರ್ಯಕ್ರಮಕ್ಕೆ ಹೋಗುವ ದಿನ ನೆನಪಿಡು, ಅಲ್ಲಿ ಫಾಸ್ಟ್ ಗಾಡಿ ನಿಲ್ಲುವುದಿಲ್ಲ, ಎಲ್ಲ ಸ್ಟೇಷನ್ನಿಗೂ ನಿಲ್ಲುವ ಸ್ಲೋ ಹಿಡಿ.

ನಿನ್ನ ಬ್ಯಾಗು ಬೆನ್ನಿಗಿದ್ದರೆ ನೀನು ತಿರುಗಿದಾಗೆಲ್ಲ ಯಾರಿಗೋ ಏಟು. ಹತ್ತುವ ಮೊದಲೇ ಎದೆಗೆ ಹಾಕಿಕೋ, ಒಳಗೆ ಹೋದ ಮೇಲೆ ಸೀಟಿನ ಮೇಲಿರುವ, ಸಾಮಾನು ಇಡುವ ಸಳಿಗಳ ಮೇಲಿಡು. ಆ ಸಳಿಗಳ ನಡುವೆ ಸಂದು ಇದೆ, ಕೆಳಗೆ ಕೂತವರ ತಲೆ ಇದೆ. ಅದಕ್ಕೆ ಸಾರಿನ ಡಬ್ಬಿ ಬೇಡ. ಚಪಾತಿ, ಬದನೆಕಾಯಿ ಪಲ್ಯ ಕಟ್ಟಿಕೊಡುತ್ತೇನೆ.

ನಿನ್ನ
ಅಮ್ಮ